ಏಳು ಸಾಲಿನ ಮಾಹಿತಿಗೆ ಹನ್ನೊಂದು ಸೆಕೆಂಡು: ನಮ್ಮ ಸಾಫ್ಟ್‌ವೇರ್ ಯಾಕೆ ಇಷ್ಟು ಭಾರ?

ವಾಕಡ್ ವಾಸಿ

ಪುಣೆ, ಮುಂಬೈ, ಗೋವಾ ಕಡೆ ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡದವರೆಲ್ಲರಿಗೂ ನಮಸ್ಕಾರ. ಒಂದು ವಿಷಯ ಬಹಳ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿದೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ನಾನು ಧಾರವಾಡದಿಂದ ಪುಣೆಗೆ ಬಂದದ್ದು 2006ರಲ್ಲಿ. ಅಂದಿನಿಂದ ಹಿಂಜವಾಡಿಯಲ್ಲೇ ಕೆಲಸ. ಈಗ ನಮ್ಮ ತಂಡ ಗಾಡಿ ವಿಮೆಯ ಕ್ಲೇಮು ನೋಡುವ ಒಂದು ವೆಬ್ ಅಪ್ಲಿಕೇಶನ್ ಮಾಡುತ್ತದೆ. ಹೋದ ತಿಂಗಳು ಅದನ್ನು ಬಳಸುವ ಒಂದು ಗ್ಯಾರೇಜಿಗೆ ಹೋಗಿದ್ದೆ, ಚಿಂಚವಡದ ಹತ್ತಿರ. ಅಲ್ಲಿ ಲೆಕ್ಕ ನೋಡುವ ಹೆಣ್ಣುಮಗಳು ಗಾಡಿಯ ನಂಬರ್ ಹಾಕಿ ಎಂಟರ್ ಒತ್ತಿದರು. ಒತ್ತಿದ ಕೂಡಲೇ ಪಕ್ಕದ ಬಿಲ್ ಪುಸ್ತಕ ಎಳೆದುಕೊಂಡು ಬರೆಯತೊಡಗಿದರು. ಯಾಕೆ ಎಂದು ಕೇಳಿದೆ. ಅದು ಬರುವಷ್ಟರಲ್ಲಿ ಎರಡು ಸಾಲು ಬರೆದು ಮುಗಿಸುತ್ತೇನೆ, ದಿನಾ ಹೀಗೇ ಮಾಡುತ್ತೇನೆ ಎಂದು ಮರಾಠಿಯಲ್ಲಿ ಹೇಳಿದರು. ಮೊಬೈಲಿನಲ್ಲಿ ಟೈಮ್ ನೋಡಿದೆ. ಹನ್ನೊಂದು ಸೆಕೆಂಡು. ಬಂದದ್ದು ಏಳು ಸಾಲು. ಹೆಸರು, ಪಾಲಿಸಿ ನಂಬರ್, ತಾರೀಕು, ಮೊತ್ತ, ಇಂಥವು.

ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಸ್ಕ್ರೀನ್ ಎರಡು ಸೆಕೆಂಡಿಗೆ ತೆರೆಯುತ್ತದೆ. ಹಾಗಾಗಿ ನನಗೆ ಇದು ಗೊತ್ತೇ ಇರಲಿಲ್ಲ. ಅವತ್ತು ನಿಜಕ್ಕೂ ಬೇಜಾರಾಯಿತು.

ಆಫೀಸಿಗೆ ಬಂದು ಒಳಗೆ ಏನಾಗುತ್ತಿದೆ ಎಂದು ನೋಡಿದೆ. ಆ ಒಂದು ಸ್ಕ್ರೀನಿಗಾಗಿ ಡೇಟಾಬೇಸಿಗೆ 640 ಸಲ ಕ್ವೆರಿ, ಅಂದರೆ ಮಾಹಿತಿ ಕೇಳುವ ಪ್ರಶ್ನೆ, ಹೋಗುತ್ತಿತ್ತು. ಮೊದಲು ಕ್ಲೇಮುಗಳ ಪಟ್ಟಿ ತರುವುದು, ಆಮೇಲೆ ಒಂದೊಂದು ಕ್ಲೇಮಿಗೂ ಬೇರೆ ಬೇರೆಯಾಗಿ ಮತ್ತೆ ಹೋಗುವುದು. ಸಾಸಿವೆಗೆ ಒಂದು ಸಲ, ಜೀರಿಗೆಗೆ ಒಂದು ಸಲ, ಕರಿಬೇವಿಗೆ ಇನ್ನೊಂದು ಸಲ ಅಂಗಡಿಗೆ ಓಡಿದ ಹಾಗೆ. ಕೋಡ್ ಬರೆದವರ ತಪ್ಪು ಎಂದೂ ಹೇಳಲಾರೆ. ಅವರು ಬರೆದದ್ದು ನೋಡಲು ಚೊಕ್ಕವಾದ ನಾಲ್ಕು ಸಾಲು. ಡೇಟಾಬೇಸ್ ಜೊತೆ ಮಾತಾಡುವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಆ ನಾಲ್ಕು ಸಾಲಿನ ಹಿಂದೆ ಎಷ್ಟು ಸಲ ಓಡಾಡುತ್ತಿದೆ ಎಂಬುದು ಕಣ್ಣಿಗೆ ಬೀಳುವುದಿಲ್ಲ.

ಇನ್ನು ನಮ್ಮ ಕೆಲಸದ ಕಥೆ. 2006ರಲ್ಲಿ ನಮ್ಮ ಆಗಿನ ಪ್ರಾಜೆಕ್ಟ್ ಪೂರ್ತಿ ಬಿಲ್ಡ್ ಆಗಲು, ಅಂದರೆ ಬರೆದ ಕೋಡು ಓಡುವ ಪ್ರೋಗ್ರಾಮ್ ಆಗಲು, ಒಂದು ನಿಮಿಷವೂ ಬೇಕಿರಲಿಲ್ಲ. ಈಗ 22 ನಿಮಿಷ. ಹೋದ ವಾರ ಒಂದು ಬಟನ್ ಮೇಲಿನ ಪದ ಬದಲಿಸಬೇಕಿತ್ತು. ನಾಲ್ಕು ರೆಪಾಸಿಟರಿ (ಕೋಡ್ ಇಡುವ ಜಾಗ) ಮುಟ್ಟಬೇಕಾಯಿತು, ಮೂರು ಜನರ ಒಪ್ಪಿಗೆ ಬೇಕಾಯಿತು, ಮೂರು ದಿನ ಹೋಯಿತು. ನನಗೆ ಅನ್ನಿಸುವುದು ಇಷ್ಟು: ಗ್ಯಾರೇಜಿನ ಹನ್ನೊಂದು ಸೆಕೆಂಡು, ನಮ್ಮ ಮೂರು ದಿನ, ಎರಡೂ ಒಂದೇ ಕಾಯಿಲೆ. ಪದರದ ಮೇಲೆ ಪದರ ಹಾಕುತ್ತಾ ಹೋಗಿದ್ದೇವೆ. ಕೆಳಗೆ ಏನಿದೆ ಎಂದು ಇಳಿದು ನೋಡುವವರು ಕಮ್ಮಿ.

ಪ್ಯಾಸ್ಕಲ್ ಭಾಷೆ ಮಾಡಿದ ನಿಕ್ಲಾಸ್ ವಿರ್ತ್ 1995ರಲ್ಲೇ ಇದನ್ನು ಹೇಳಿದ್ದರು. ಯಂತ್ರ ಎಷ್ಟು ಬೇಗ ಚುರುಕಾಗುತ್ತದೋ ಅದಕ್ಕಿಂತ ಬೇಗ ಸಾಫ್ಟ್‌ವೇರ್ ನಿಧಾನ ಆಗುತ್ತದೆ ಎಂದು. ಅದೇ ವರ್ಷ ಬಂದ ವಿಂಡೋಸ್ 95 ಓಡಲು ಕಮ್ಮಿ ಎಂದರೆ 4 ಎಂಬಿ ಮೆಮೊರಿ ಸಾಕಿತ್ತು. 2021ರ ವಿಂಡೋಸ್ 11ಕ್ಕೆ ಕಮ್ಮಿ ಎಂದರೆ 4 ಜಿಬಿ. ಸಾವಿರ ಪಟ್ಟು. ಆ ಸಾವಿರ ಪಟ್ಟಿನಲ್ಲಿ ಗ್ಯಾರೇಜಿನ ಆ ಹೆಣ್ಣುಮಗಳಿಗೆ ಎಷ್ಟು ತಲುಪಿತು?

ನಿಮ್ಮ ನಿಮ್ಮ ಜಾಗದಲ್ಲಿ ಹೇಗಿದೆ ಹೇಳಿ.

ಮಗರಪಟ್ಟಾ ಮ್ಯಾನೇಜರ್

ವಾಕಡ್ ಅವರೇ, ಗ್ಯಾರೇಜಿಗೆ ಹೋಗಿ ನೋಡಿದ್ದೀರಲ್ಲ, ಅದು ದೊಡ್ಡ ಮಾತು. ನಮ್ಮಲ್ಲಿ ಬಹಳ ಜನ ಅಷ್ಟೂ ಮಾಡುವುದಿಲ್ಲ. ಆದರೆ ನನಗೆ ಕಂಡದ್ದನ್ನೂ ಹೇಳಬೇಕು.

ನಾನು 40 ಜನರ ತಂಡ ನೋಡಿಕೊಳ್ಳುತ್ತೇನೆ. ಹತ್ತು ವರ್ಷದ ಮೀಟಿಂಗ್‌ಗಳಲ್ಲಿ ಗ್ರಾಹಕರು ‘ಇದು ನಿಧಾನ’ ಎಂದದ್ದು ಬೆರಳೆಣಿಕೆಯಷ್ಟು ಸಲ. ‘ಆ ಹೊಸ ರಿಪೋರ್ಟ್ ಯಾವಾಗ ಕೊಡ್ತೀರಿ’ ಎಂದು ಪ್ರತಿ ವಾರ ಕೇಳುತ್ತಾರೆ. ದುಡ್ಡು ಕೊಡುವವರು ಯಾವುದಕ್ಕೆ ಕೊಡುತ್ತಾರೋ ಆ ಕೆಲಸ ಮೊದಲು ಆಗುತ್ತದೆ. ಸರ್ವರ್ ಕಂಪ್ಯೂಟರಿಗೆ ಇನ್ನೊಂದಿಷ್ಟು ಮೆಮೊರಿ ಹಾಕುವುದು ಒಬ್ಬ ಒಳ್ಳೆಯ ಪ್ರೋಗ್ರಾಮರ್‌ನ ಎರಡು ವಾರದ ಸಂಬಳಕ್ಕಿಂತ ಅಗ್ಗ. ಇದು ನಾನು ದಿನಾ ಹಾಕುವ ಲೆಕ್ಕ.

ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ಅವರೇ 1974ರಲ್ಲಿ ಬರೆದಿದ್ದಾರಲ್ಲ, ಹೊತ್ತಿಗೆ ಮುಂಚೆ ವೇಗದ ಹಿಂದೆ ಬಿದ್ದರೆ ಅದೇ ಎಲ್ಲ ಕೆಡುಕಿನ ಬೇರು ಎಂದು. ನಾವು ಮೊದಲು ಕೆಲಸ ಮಾಡುವ ಸಾಫ್ಟ್‌ವೇರ್ ಕೊಡಬೇಕು. ವೇಗ ಆಮೇಲೆ.

ಡೊಂಬಿವಲಿ ಅಕ್ಕ

ಮ್ಯಾನೇಜರ್ ಸರ್, ನಿಮ್ಮ ಮೀಟಿಂಗಿಗೆ ಬರುವವರು ಆ ಸಾಫ್ಟ್‌ವೇರ್ ಬಳಸುವವರಲ್ಲ. ಕೊಳ್ಳುವವರು. ಆ ಗ್ಯಾರೇಜಿನ ಹೆಣ್ಣುಮಗಳನ್ನು ಯಾವ ಮೀಟಿಂಗಿಗೂ ಯಾರೂ ಕರೆಯುವುದಿಲ್ಲ. ನಿಧಾನ ಎಂಬ ದೂರು ನಿಮ್ಮ ತನಕ ಬರದೇ ಇರುವುದಕ್ಕೆ ಅದೇ ಕಾರಣ.

ನಾನು ಟೆಸ್ಟಿಂಗ್ ಕೆಲಸ ಮಾಡುವವಳು. ದಿನಾ ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಓಡಾಟ. ಠಾಣೆ ದಾಟುವ ಹೊತ್ತಿಗೆ ಗಾಡಿ ತುಂಬಿ ಕೈ ಆಡಿಸಲು ಜಾಗ ಇರುವುದಿಲ್ಲ. ನೆಟ್‌ವರ್ಕ್ ಬರುತ್ತದೆ, ಹೋಗುತ್ತದೆ. ಆ ಡಬ್ಬಿಯಲ್ಲಿ ಮನೆಗೆಲಸಕ್ಕೆ ಹೋಗುವವರು, ನರ್ಸುಗಳು, ಅಂಗಡಿ ಹುಡುಗಿಯರು ಎಲ್ಲರೂ ಮೊಬೈಲಿನಲ್ಲೇ ಬಿಲ್ಲು ಕಟ್ಟುತ್ತಾರೆ, ಮಕ್ಕಳ ಫೀಸು ಕಟ್ಟುತ್ತಾರೆ. ಎಷ್ಟೋ ಜನರ ಕೈಯಲ್ಲಿ 2 ಜಿಬಿ, 3 ಜಿಬಿ ಫೋನು. ಒಂದು ಆ್ಯಪ್ ತೆರೆದರೆ ಇನ್ನೊಂದು ಮುಚ್ಚಿಕೊಳ್ಳುತ್ತದೆ. ಓಟಿಪಿ ನೋಡಲು ಮೆಸೇಜಿಗೆ ಹೋಗಿ ವಾಪಸ್ ಬಂದರೆ ಫಾರ್ಮು ಮತ್ತೆ ಮೊದಲಿನಿಂದ. ಅವರು ಬೈದುಕೊಳ್ಳುವುದು ತಮ್ಮ ಫೋನನ್ನೇ. ನಮ್ಮ ಕೋಡನ್ನು ಅಲ್ಲ. ಅದು ನನಗೆ ತುಂಬಾ ನೋವು ಕೊಡುತ್ತದೆ.

ಕನೂತ್ ಮಾತು ಪೂರ್ತಿ ಹೇಳಿ ಸರ್. ಸಣ್ಣಪುಟ್ಟ ವೇಗದ ಲೆಕ್ಕವನ್ನು ನೂರಕ್ಕೆ 97 ಸಲ ಮರೆಯಿರಿ ಎಂದರು. ಆದರೆ ಉಳಿದ ಆ ಮುಖ್ಯ 3ರಲ್ಲಿ ಅವಕಾಶ ಬಿಟ್ಟುಕೊಡಬಾರದು ಎಂದೂ ಅಲ್ಲೇ ಬರೆದಿದ್ದಾರೆ. ಜನ ಮೊದಲರ್ಧ ಮಾತ್ರ ನೆನಪಿಟ್ಟುಕೊಂಡರು. 640 ಕ್ವೆರಿ ಆ ಮೂರರಲ್ಲೇ ಬರುತ್ತದೆ, ಅಲ್ವಾ?

ವೆರ್ನಾ ವೈರಿಂಗ್

ಗೋವಾದಿಂದ ನನ್ನ ಎರಡು ಮಾತು. ಊರು ಅಂಕೋಲಾ, ಕೆಲಸ ವೆರ್ನಾದಲ್ಲಿ. ಮೀಟರ್‌ಗಳಿಗೆ, ಪಂಪ್ ಕಂಟ್ರೋಲರ್‌ಗಳಿಗೆ ಹಾಕುವ ಪ್ರೋಗ್ರಾಮ್ ಬರೆಯುತ್ತೇನೆ. ನನ್ನ ಚಿಪ್ಪಿನಲ್ಲಿರುವ ಮೆಮೊರಿ 64 ಕೆಬಿ. ಜಿಬಿ ಅಲ್ಲ, ಎಂಬಿ ಅಲ್ಲ, ಕೆಬಿ.

ನಾವೇನು ಹೆಚ್ಚು ಜಾಣರಲ್ಲ. ನಮ್ಮಲ್ಲಿ ಲೆಕ್ಕ ಬೇರೆ. ಮುಂದಿನ ಚಿಪ್ಪಿಗೆ ಹೋದರೆ ಒಂದು ಪೀಸಿಗೆ ಎಂಟು ರೂಪಾಯಿ ಜಾಸ್ತಿ. ಲಕ್ಷ ಪೀಸಿಗೆ ಎಂಟು ಲಕ್ಷ. ಅದು ನಮ್ಮ ಕಂಪನಿಯ ಜೇಬಿನಿಂದಲೇ ಹೋಗುತ್ತದೆ. ಹಾಗಾಗಿ ಎರಡು ವಾರ ಕೂತು 5 ಕೆಬಿ ಉಳಿಸಿದರೆ ಮ್ಯಾನೇಜರ್ ಬೆನ್ನು ತಟ್ಟುತ್ತಾರೆ. ನಿಮ್ಮ ಕಡೆ ಭಾರ ಹೊರುವವರು ಬೇರೆ. ಗ್ಯಾರೇಜು ಕಂಪ್ಯೂಟರ್ ಕೊಳ್ಳುತ್ತದೆ, ಡೊಂಬಿವಲಿಯ ನರ್ಸು ಫೋನು ಕೊಳ್ಳುತ್ತಾರೆ, ಡೇಟಾ ಪ್ಯಾಕ್ ಹಾಕಿಸುತ್ತಾರೆ. ಅವರ ಖರ್ಚು ನಿಮ್ಮ ಲೆಕ್ಕದ ಪುಸ್ತಕದಲ್ಲಿ ಬರುವುದೇ ಇಲ್ಲ. ಬರದ ಖರ್ಚನ್ನು ಯಾರು ಉಳಿಸುತ್ತಾರೆ?

ಹಾಗಾಗಿ ವಾಕಡ್ ಅವರೇ, ಪದರಗಳು ಜಾಸ್ತಿ ಆಗಿರುವುದು ಕಾಯಿಲೆಯ ಲಕ್ಷಣ ಅಷ್ಟೇ ಎಂದು ನನ್ನ ಅನಿಸಿಕೆ. ಬೇರು ಇಲ್ಲಿದೆ.

ಮಾಟುಂಗಾ ಹಿರಿಯ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನನಗೆ 73. ರಿಟೈರ್ ಆಗಿ ಹದಿಮೂರು ವರ್ಷ. ಸಾಮಾನ್ಯವಾಗಿ ನನ್ನ ವಯಸ್ಸಿನವರು ‘ನಮ್ಮ ಕಾಲದಲ್ಲಿ ಹಾಗಿತ್ತು’ ಎಂದು ಶುರು ಮಾಡುತ್ತಾರೆ. ನಾನು ಅದಕ್ಕೆ ಎದುರು ಹೇಳಲು ಬಂದಿದ್ದೇನೆ.

1975ರಲ್ಲಿ ಮುಂಬೈಯ ಕೋಟೆ (ಫೋರ್ಟ್) ಭಾಗದ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಕೋಬಾಲ್ ಭಾಷೆಯ ಪ್ರೋಗ್ರಾಮನ್ನು ಹಾಳೆಯ ಮೇಲೆ ಬರೆಯುವುದು. ಅದನ್ನು ಪಂಚ್ ರೂಮಿಗೆ ಕೊಡುವುದು. ಅಲ್ಲಿನ ಹುಡುಗಿಯರು ಒಂದೊಂದು ಸಾಲಿಗೆ ಒಂದೊಂದು ಕಾರ್ಡು ತೂತು ಮಾಡಿ ಕೊಡುತ್ತಿದ್ದರು, ಕಾರ್ಡಿಗೆ 80 ಅಕ್ಷರ. ಕಟ್ಟನ್ನು ರಬ್ಬರ್ ಬ್ಯಾಂಡ್ ಹಾಕಿ ಯಂತ್ರದ ಕೋಣೆಯ ಕಿಟಕಿಯಲ್ಲಿ ಇಟ್ಟು ಮನೆಗೆ ಹೋಗುವುದು. ಮರುದಿನ ಬೆಳಿಗ್ಗೆ ಉದ್ದನೆಯ ಕಾಗದ ಬರುತ್ತಿತ್ತು. ಒಂದು ಸಾಲಿನ ಕೊನೆಯಲ್ಲಿ ಚುಕ್ಕೆ ಮರೆತಿದ್ದರೆ ಕಾಗದದ ತುಂಬಾ ತಪ್ಪುಗಳ ಪಟ್ಟಿ. ಒಂದು ಚುಕ್ಕೆಗೆ ಒಂದು ದಿನ. ನಿಮ್ಮ 22 ನಿಮಿಷ ನನಗೆ ಆಗ ಸಿಕ್ಕಿದ್ದರೆ ಹಬ್ಬ ಮಾಡುತ್ತಿದ್ದೆ.

ಪ್ರೋಗ್ರಾಮರ್ ಕಳೆದುಕೊಳ್ಳುವ ಹೊತ್ತು ಹೊಸದೇನಲ್ಲ ಎಂದು ಹೇಳುತ್ತಿದ್ದೇನೆ. ಆಗ ಯಂತ್ರದ ಹೊತ್ತು ದುಬಾರಿ, ಮನುಷ್ಯನ ಹೊತ್ತು ಅಗ್ಗ. ಇಲ್ಲೇ ಮುಂಬೈಯ ಟಾಟಾ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ತಂಡ ಕಟ್ಟಿದ ಟಿಫ್ರಾಕ್ ಕಂಪ್ಯೂಟರ್ 1960ರಲ್ಲಿ ಶುರುವಾಯಿತು. ಆ ಹೆಸರು ನೆಹರು 1962ರಲ್ಲಿ ಇಟ್ಟದ್ದು. ಅದರ ಮೆಮೊರಿ 2048 ಪದಗಳು, ಒಂದೊಂದು 40 ಬಿಟ್‌ನದು. ಲೆಕ್ಕ ಹಾಕಿದರೆ ಸುಮಾರು 10 ಕೆಬಿ. ಅಷ್ಟರಲ್ಲಿ ವಿಜ್ಞಾನಿಗಳು ಕೆಲಸ ಮಾಡಿದರು. ಆ ಹಿಡಿತ ನಮಗೆಲ್ಲ ಕಲಿಕೆ ಆಗಿತ್ತು, ನಿಜ.

ಆದರೆ ಹಿಡಿತಕ್ಕೂ ಬೆಲೆ ಇತ್ತು. ಜಾಗ ಉಳಿಸಲು ನಾವು ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದೆವು. 75 ಅಂದರೆ 1975. ಒಂದೊಂದು ರೆಕಾರ್ಡಿಗೆ ಎರಡು ಅಕ್ಷರ ಉಳಿಯಿತು. 2000 ಹತ್ತಿರ ಬಂದಾಗ ಇಡೀ ಜಗತ್ತು ಕೂತು ಆ ಕೋಡನ್ನೆಲ್ಲ ತಿದ್ದಬೇಕಾಯಿತು. ನಮ್ಮ ದೇಶದ ಎಷ್ಟೋ ಕಂಪನಿಗಳು ಬೆಳೆದದ್ದೇ ಆ ವೈ2ಕೆ ಕೆಲಸದಿಂದ. ನಾನೂ 1998, 99ರಲ್ಲಿ ರಾತ್ರಿ ಹಗಲು ಅದೇ ಮಾಡಿದೆ. ಅದರಲ್ಲಿ ನಾನೇ ಬರೆದಿದ್ದ ಪ್ರೋಗ್ರಾಮುಗಳೂ ಇದ್ದವು.

ಉಳಿತಾಯ ಮಾಡಿ. ಆದರೆ ಎಲ್ಲಿ ಉಳಿಸುತ್ತಿದ್ದೇವೆ ಎಂದು ತಿಳಿದು ಮಾಡಿ.

ವಾಕಡ್ ವಾಸಿ

ಸರ್, ಒಂದು ಚುಕ್ಕೆಗೆ ಒಂದು ದಿನ ಎಂಬುದನ್ನು ಓದಿ ಸುಮ್ಮನೆ ಕೂತುಬಿಟ್ಟೆ. ನಾನು 2006ಕ್ಕೆ ಹೋಲಿಸಿ ಹೇಳಿದ್ದು ಸಣ್ಣ ಕಿಟಕಿಯಿಂದ ನೋಡಿದ ಹಾಗಾಯಿತು. ಒಪ್ಪಿದೆ.

ಆದರೂ ಒಂದು ವ್ಯತ್ಯಾಸ ಇದೆ ಸರ್. ನೀವು ಕಾಯುತ್ತಿದ್ದದ್ದು ಯಂತ್ರ ಇಲ್ಲದೆ. ನಾವು ಕಾಯುತ್ತಿರುವುದು ಯಂತ್ರ ಇದ್ದೂ. 2004ರಲ್ಲೇ ಪೆಂಟಿಯಂ 4 ಚಿಪ್ಪು 3.8 ಗಿಗಾಹರ್ಟ್ಸ್ ಮುಟ್ಟಿತ್ತು. ಇವತ್ತಿನ ಲ್ಯಾಪ್‌ಟಾಪಿನ ಚಿಪ್ಪಿನ ಗಡಿಯಾರದ ವೇಗವೂ ಅದರ ಆಸುಪಾಸಿನಲ್ಲೇ, ಸ್ವಲ್ಪ ಮೇಲೆ ಅಷ್ಟೇ. ಆಮೇಲೆ ಹೆಚ್ಚಾದದ್ದು ಮುಖ್ಯವಾಗಿ ಕೋರ್‌ಗಳು, ಅಂದರೆ ಒಂದೇ ಚಿಪ್ಪಿನಲ್ಲಿ ಒಟ್ಟಿಗೆ ಕೆಲಸ ಮಾಡುವ ಲೆಕ್ಕದ ಘಟಕಗಳು. ಒಂದರ ಹಿಂದೆ ಒಂದು ಹೋಗುವ 640 ಕ್ವೆರಿಗೆ ಎಂಟು ಕೋರ್ ಇದ್ದರೂ ಅಷ್ಟೇ, ಹದಿನಾರು ಇದ್ದರೂ ಅಷ್ಟೇ. ಮುಂದಿನ ವರ್ಷ ಯಂತ್ರ ತಾನಾಗಿ ಚುರುಕಾಗಿ ನಮ್ಮನ್ನು ಕಾಪಾಡುತ್ತದೆ ಎಂಬ ಕಾಲ ಹೋಗಿ ಇಪ್ಪತ್ತು ವರ್ಷ ಆಯಿತು. ನಮ್ಮ ಅಭ್ಯಾಸ ಮಾತ್ರ ಹೋಗಿಲ್ಲ.

ಖರಾಡಿ ಕೀಲಿಮಣೆ

ಎಲ್ಲರೂ ಪದರ, ಪದರ ಎನ್ನುತ್ತಿದ್ದೀರಿ. ಆ ಪದರಗಳ ಪರವಾಗಿ ನಾನು ಮಾತಾಡಬೇಕು. ನಾನು ಫ್ರಂಟ್‌ಎಂಡ್, ಅಂದರೆ ಬಳಸುವವರಿಗೆ ಕಾಣುವ ಸ್ಕ್ರೀನ್ ಮಾಡುವ ಕೆಲಸದವಳು, ಬೈಗುಳ ಹೆಚ್ಚಾಗಿ ನಮಗೇ ಬೀಳುತ್ತದೆ.

ನಾವು ಈಗ ಯಾವ ಲಿಪಿಯಲ್ಲಿ ಮಾತಾಡುತ್ತಿದ್ದೇವೆ ನೋಡಿ. ‘ಕ್ಷ’ ಎಂದು ಬರೆದರೆ ಒಳಗೆ ಮೂರು ತುಂಡು ಇರುತ್ತದೆ: ಕ, ಹಲಂತ ಚಿಹ್ನೆ (್), ಷ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಪದ್ಧತಿ) ಒಂದೊಂದಕ್ಕೂ 3 ಬೈಟು, ಒಟ್ಟು 9. ‘ಕನ್ನಡ’ ಎಂಬ ಪದಕ್ಕೆ 15 ಬೈಟು. ಅದೇ ಇಂಗ್ಲಿಷ್ ಅಕ್ಷರವಾದರೆ ಒಂದಕ್ಕೆ ಒಂದೇ ಬೈಟು. ಆಮೇಲೆ ಆ ಮೂರು ತುಂಡನ್ನು ಸೇರಿಸಿ ಒತ್ತಕ್ಷರ ಸರಿಯಾಗಿ ಕೂರಿಸಲು ಬೇರೆಯೇ ಒಂದು ಎಂಜಿನ್ ಬೇಕು, ಅದಕ್ಕೆ ಒಪ್ಪುವ ಫಾಂಟ್ ಬೇಕು. ಇದೆಲ್ಲ ಭಾರವೇ.

ಹಳೆಯ ಕಾಲದ ಹಗುರ ದಾರಿ ಏನಿತ್ತು? ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುವ ಫಾಂಟು. ಅಪ್ಪ ಬೆಳಗಾವಿಯ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಿದ್ದರು. ಅವರು ಟೈಪ್ ಮಾಡಿದ ಫೈಲು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ, ಅದೇ ಫಾಂಟ್ ಇಲ್ಲದಿದ್ದರೆ, ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಹುಡುಕಲು ಆಗದು, ಅಕಾರಾದಿ ಜೋಡಿಸಲು ಆಗದು. ಹಾಗೆ ಟೈಪ್ ಮಾಡಿದ ಎಷ್ಟೋ ಪುಸ್ತಕಗಳ ಫೈಲು ಇವತ್ತಿಗೂ ಹಾಗೇ ಬಿದ್ದಿವೆ. ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬಂದು ಯೂನಿಕೋಡ್ (ಎಲ್ಲ ಲಿಪಿಗೂ ಒಂದೇ ಸಂಕೇತ ಪದ್ಧತಿ) ಕನ್ನಡ ತೆರೆಯ ಮೇಲೆ ಮೂಡಿದ ದಿನ ಅಪ್ಪ ನನ್ನನ್ನು ಕರೆದು ತೋರಿಸಿದ್ದು ನೆನಪಿದೆ.

ಹಾಗಾಗಿ ಭಾರ ಎಲ್ಲವೂ ದಂಡವಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ಸೌಲಭ್ಯ, ಕಳ್ಳರಿಂದ ಕಾಪಾಡುವ ಗೂಢಲಿಪಿ, ಹತ್ತಾರು ಭಾಷೆ, ಇವೆಲ್ಲ 4 ಎಂಬಿಯಲ್ಲಿ ಹಿಡಿಸುತ್ತಿರಲಿಲ್ಲ.

ವೆರ್ನಾ ವೈರಿಂಗ್

ಕೀಲಿಮಣೆ ಅವರ ಮಾತು ಮನಸ್ಸಿಗೆ ತಟ್ಟಿತು. ನನ್ನ ಮೀಟರಿನ ತೆರೆಯ ಮೇಲೆ ಇವತ್ತಿಗೂ ಕನ್ನಡ ಇಲ್ಲ, ಕೊಂಕಣಿ ಇಲ್ಲ. ಜಾಗ ಸಾಲದು ಎಂದೇ ಬಿಟ್ಟಿದ್ದೇವೆ.

ಆದರೆ ಒಂದು ಕೇಳುತ್ತೇನೆ. ಆ ಅಕ್ಷರ ಜೋಡಿಸುವ ಎಂಜಿನ್ ಒಂದೆರಡು ಎಂಬಿ ಇರಬಹುದು. ಚಾಟ್ ಮಾಡುವ ಒಂದು ಡೆಸ್ಕ್‌ಟಾಪ್ ಆ್ಯಪ್ ನೂರಾರು ಎಂಬಿ ಮೆಮೊರಿ ತಿನ್ನುತ್ತದಲ್ಲ, ಅದಕ್ಕೆ ಕಾರಣ ಕನ್ನಡ ಅಲ್ಲ. ಎಲೆಕ್ಟ್ರಾನ್ ಎಂಬ ಆ್ಯಪ್ ಕಟ್ಟುವ ಸಾಧನದಲ್ಲಿ ಮಾಡಿದ ಒಂದೊಂದು ಆ್ಯಪೂ ಹೊಟ್ಟೆಯೊಳಗೆ ಒಂದು ಪೂರ್ತಿ ಕ್ರೋಮಿಯಂ ಬ್ರೌಸರ್ ಹೊತ್ತುಕೊಂಡು ತಿರುಗುತ್ತದೆ. ನಾಲ್ಕು ಆ್ಯಪ್ ತೆರೆದರೆ ನಾಲ್ಕು ಬ್ರೌಸರ್.

ಖರಾಡಿ ಕೀಲಿಮಣೆ

ನಿಜ. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅದರಿಂದಲೇ ಐದು ಜನರ ತಂಡ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಒಂದೇ ಸಲ ಆ್ಯಪ್ ಕೊಡಲು ಆಗುತ್ತದೆ. ಇಲ್ಲದಿದ್ದರೆ ಲಿನಕ್ಸ್‌ನವರಿಗೆ ಬಹಳ ಸಲ ಆ್ಯಪೇ ಇರುತ್ತಿರಲಿಲ್ಲ.

ಬಾಣೇರ್ ಹುಡುಗ

ನನಗೆ ಅನ್ನಿಸುವುದು, ಈ ಚರ್ಚೆ ಇನ್ನು ಎರಡು ವರ್ಷದಲ್ಲಿ ಹಳತಾಗುತ್ತದೆ. ನಮ್ಮ ಸ್ಟಾರ್ಟಪ್‌ನಲ್ಲಿ ನಾಲ್ಕೇ ಜನ. ಎಐ ಬಳಸಿ ಹದಿನೈದು ಜನರ ಕೆಲಸ ಮಾಡುತ್ತಿದ್ದೇವೆ. ಹೊಸ ಸ್ಕ್ರೀನ್ ಒಂದು ಮಧ್ಯಾಹ್ನಕ್ಕೆ ಸಿದ್ಧ. ಉತ್ಪಾದಕತೆ ಇಳಿಯುತ್ತಿದೆ ಎಂಬುದು ನನ್ನ ಅನುಭವಕ್ಕೆ ಹೊಂದುವುದಿಲ್ಲ. ನಿಧಾನ ಇರುವ ಕೋಡನ್ನೂ ಅದಕ್ಕೇ ಕೊಟ್ಟು ಸರಿಪಡಿಸಿ ಎಂದರೆ ಸರಿಪಡಿಸುತ್ತದೆ.

ಡೊಂಬಿವಲಿ ಅಕ್ಕ

ತಮ್ಮಾ, ನೀವು ವೇಗವಾಗಿ ಮಾಡುತ್ತಿದ್ದೀರಿ ಎಂಬುದನ್ನು ನಂಬುತ್ತೇನೆ. ಆದರೆ ಅಳೆದು ನೋಡಿದ್ದೀರಾ? 2025ರ ಜುಲೈಯಲ್ಲಿ ಮೀಟರ್ (METR) ಎಂಬ ಸಂಶೋಧನಾ ಗುಂಪು ಒಂದು ಪ್ರಯೋಗದ ಫಲಿತಾಂಶ ಕೊಟ್ಟಿತು. ಓಪನ್ ಸೋರ್ಸ್‌ನಲ್ಲಿ (ಎಲ್ಲರಿಗೂ ತೆರೆದಿಟ್ಟ ಕೋಡ್) ಪಳಗಿದ 16 ಜನ, 246 ಕೆಲಸ. ಕೆಲವು ಕೆಲಸಕ್ಕೆ ಎಐ ಬಳಸಬಹುದು, ಉಳಿದವಕ್ಕೆ ಬಳಸುವಂತಿಲ್ಲ. ಎಐ ಬಳಸಿದಾಗ ಶೇ. 19ರಷ್ಟು ಜಾಸ್ತಿ ಹೊತ್ತು ಹಿಡಿಯಿತು. ಕೆಲಸ ಮುಗಿದ ಮೇಲೂ ಅವರಿಗೆ ತಾವು ಶೇ. 20ರಷ್ಟು ಬೇಗ ಮಾಡಿದೆವು ಎಂದೇ ಅನ್ನಿಸಿತ್ತು.

ನನಗೆ ಆ ಎರಡನೇ ಅಂಕಿ ಮುಖ್ಯ. ನಮ್ಮ ವೇಗದ ಬಗ್ಗೆ ನಮ್ಮ ಅನಿಸಿಕೆಯನ್ನೇ ನಂಬುವಂತಿಲ್ಲ.

ಬಾಣೇರ್ ಹುಡುಗ

ಅದನ್ನು ನಾನೂ ಓದಿದ್ದೇನೆ ಅಕ್ಕ. ಆ 16 ಜನ ವರ್ಷಗಟ್ಟಲೆ ಪಳಗಿದ್ದ ತಮ್ಮದೇ ದೊಡ್ಡ ಕೋಡಿನಲ್ಲಿ ಕೆಲಸ ಮಾಡುತ್ತಿದ್ದರು. ಉಪಕರಣಗಳೂ 2025ರ ಮೊದಲ ತಿಂಗಳುಗಳವು. ಹೊಸದಾಗಿ ಶುರು ಮಾಡುವ ನಮ್ಮಂಥವರಿಗೆ ಅದೇ ಫಲಿತಾಂಶ ಬರುತ್ತದೆ ಎಂದು ಹೇಳಲಾಗದು.

ಆದರೆ ಅಳೆದಿಲ್ಲ ಎಂಬುದು ನಿಜ. ಅದನ್ನು ಒಪ್ಪುತ್ತೇನೆ. ಈ ತಿಂಗಳಿಂದ ಬರೆದಿಡುತ್ತೇನೆ.

ಮಗರಪಟ್ಟಾ ಮ್ಯಾನೇಜರ್

ನಡುವೆ ನನ್ನ ಮಾತು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಡೊಂಬಿವಲಿ ಅಕ್ಕ ಹೇಳಿದ್ದು, ವೆರ್ನಾದವರು ಹೇಳಿದ್ದು, ಎರಡು ದಿನ ತಲೆಯಲ್ಲಿ ಓಡಿತು. ಕೊಳ್ಳುವವರು ಬೇರೆ, ಬಳಸುವವರು ಬೇರೆ, ಖರ್ಚು ಹೊರುವವರು ಬೇರೆ. ಇದು ಸರಿಯಾದ ಮಾತು.

ಇನ್ನೊಂದನ್ನು ಯಾರೂ ಹೇಳಲಿಲ್ಲ, ಒಳಗಿನವನಾಗಿ ನಾನೇ ಹೇಳುತ್ತೇನೆ. ನಮ್ಮಂಥ ಸೇವಾ ಕಂಪನಿಗಳಲ್ಲಿ ಬಿಲ್ಲು ಹೋಗುವುದು ತಲೆ ಲೆಕ್ಕದಲ್ಲಿ, ಗಂಟೆ ಲೆಕ್ಕದಲ್ಲಿ. ಹತ್ತು ಜನರ ಕೆಲಸವನ್ನು ಆರು ಜನ ಮಾಡಿದರೆ ಬಿಲ್ಲು ಆರು ಜನರದ್ದೇ. ಚೆನ್ನಾಗಿ ಕೆಲಸ ಮಾಡಿದ ತಂಡಕ್ಕೆ ಆದಾಯ ಕಮ್ಮಿ ಕಾಣುತ್ತದೆ. ಕೆಲಸ ತಡವಾದರೆ ಇನ್ನೂ ಎರಡು ಜನರನ್ನು ಹಾಕಿ ಎನ್ನುತ್ತಾರೆ. ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಇನ್ನೂ ತಡ ಆಗುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಾಗಿದೆ. ಹೊಸಬರಿಗೆ ಕಲಿಸಲು ಹಳಬರ ಹೊತ್ತು ಹೋಗುತ್ತದೆ, ಮಾತುಕತೆ ಹೆಚ್ಚುತ್ತದೆ. ನಾನು ಇದನ್ನು ಪ್ರತಿ ವರ್ಷ ಕಣ್ಣಾರೆ ಕಾಣುತ್ತೇನೆ.

2014ರಲ್ಲಿ ವಾಟ್ಸ್‌ಆ್ಯಪ್ ಮಾರಾಟವಾದಾಗ 45 ಕೋಟಿ ಬಳಕೆದಾರರಿದ್ದರು, ಎಂಜಿನಿಯರ್‌ಗಳು 32. ನನ್ನ ತಂಡದಲ್ಲಿ ಅದಕ್ಕಿಂತ ಜಾಸ್ತಿ ಜನ ಇದ್ದಾರೆ. ನಮ್ಮ ಹುಡುಗರು ದಡ್ಡರಲ್ಲ. ವಾಟ್ಸ್‌ಆ್ಯಪ್‌ನವರು ಒಂದೇ ಕೆಲಸ ಹಿಡಿದಿದ್ದರು, ಬೇಡ ಎನ್ನುವ ಅಧಿಕಾರ ಅವರ ಕೈಯಲ್ಲೇ ಇತ್ತು. ನಮ್ಮಲ್ಲಿ ಬೇಡ ಎನ್ನುವ ಅಧಿಕಾರ ಯಾರ ಹತ್ತಿರವೂ ಇಲ್ಲ. ವಾಕಡ್ ಅವರ ಬಟನ್ನಿಗೆ ಮೂರು ಒಪ್ಪಿಗೆ ಬೇಕಾಯಿತಲ್ಲ, ಕಾರಣ ಅದೇ.

ಕೊನೆ ವರ್ಷ

ನಾನು ಪುಣೆಯಲ್ಲಿ ಎಂಜಿನಿಯರಿಂಗ್ ಕೊನೆ ವರ್ಷ. ಊರು ವಿಜಯಪುರ. ಎಲ್ಲರದ್ದೂ ಓದಿದೆ. ನಮಗೆ ಕಾಲೇಜಿನಲ್ಲಿ ಕಲಿಸುವುದು ಪೈಥಾನ್, ಮತ್ತೆ ಯಾವುದೋ ಒಂದು ಫ್ರೇಮ್‌ವರ್ಕ್. ಒಳಗೆ ಏನಾಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಕೆಲಸಕ್ಕೆ ಸೇರುವ ಮುಂಚೆ ನಾನು ಏನು ಕಲಿತರೆ ಒಳ್ಳೆಯದು? ಸಿ ಭಾಷೆ ಕಲಿಯಬೇಕಾ?

ಮಾಟುಂಗಾ ಹಿರಿಯ

ಮಗೂ, ಭಾಷೆ ಯಾವುದಾದರೂ ಇರಲಿ. ಪೈಥಾನ್ ಬಿಡಬೇಡ. ಆದರೆ ಒಂದು ಪ್ರಯೋಗ ಮಾಡು. ಎಂಐಟಿಯ ಚಾರ್ಲ್ಸ್ ಲೀಸರ್ಸನ್ ಮತ್ತು ಜೊತೆಗಾರರು 2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ತೋರಿಸಿದ್ದು. 4096 ಅಡ್ಡ ಸಾಲು, 4096 ಕಂಬ ಸಾಲಿನ ಎರಡು ಮ್ಯಾಟ್ರಿಕ್ಸ್ (ಅಂಕಿಗಳ ಕೋಷ್ಟಕ) ಗುಣಿಸುವುದು. ಸುಮ್ನೆ ಮೂರು ಲೂಪ್ ಬರೆದ ಪೈಥಾನ್ ಸುಮಾರು ಏಳು ಗಂಟೆ ತೆಗೆದುಕೊಂಡಿತು. ಅದನ್ನೇ ಸಿ ಭಾಷೆಯಲ್ಲಿ ಬರೆದಾಗ 47 ಪಟ್ಟು ಬೇಗ. ಆಮೇಲೆ ಎಲ್ಲ ಕೋರ್‌ಗಳಿಗೆ ಹಂಚಿ, ಚಿಪ್ಪಿನೊಳಗಿನ ಚುರುಕಾದ ಕ್ಯಾಶ್ ಮೆಮೊರಿಗೆ ಹೊಂದುವ ಹಾಗೆ ತುಂಡು ಮಾಡಿ, ಚಿಪ್ಪಿನ ವಿಶೇಷ ಆದೇಶಗಳನ್ನು ಬಳಸಿದಾಗ ಅರ್ಧ ಸೆಕೆಂಡಿಗೂ ಕಮ್ಮಿ. 60 ಸಾವಿರ ಪಟ್ಟು.

ನೀನು ಸಣ್ಣ ಮ್ಯಾಟ್ರಿಕ್ಸ್ ತೆಗೆದುಕೋ, 500 ಸಾಕು. ನಿನ್ನ ಲ್ಯಾಪ್‌ಟಾಪಿನಲ್ಲೇ ಒಂದೊಂದು ಹೆಜ್ಜೆ ಮಾಡಿ ನೋಡು. ಪ್ರತಿ ಹೆಜ್ಜೆಯಲ್ಲಿ ಯಾಕೆ ಬೇಗ ಆಯಿತು ಎಂದು ಬರೆದಿಡು. ಇಷ್ಟು ಮಾಡಿದರೆ ಯಂತ್ರ ಹೇಗೆ ಉಸಿರಾಡುತ್ತದೆ ಎಂದು ಗೊತ್ತಾಗುತ್ತದೆ.

ವೆರ್ನಾ ವೈರಿಂಗ್

ನನ್ನದೂ ಒಂದು ಸೇರಿಸಿಕೋ. ಕುತೂಹಲ ಬೇಕು. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ ತನ್ನ ಲಿನಕ್ಸ್ ಯಂತ್ರದಲ್ಲಿ ಎಸ್‌ಎಸ್‌ಎಚ್ ಲಾಗಿನ್ (ದೂರದಿಂದ ಯಂತ್ರದೊಳಗೆ ಹೋಗುವ ದಾರಿ) ಅರ್ಧ ಸೆಕೆಂಡು ತಡ ಆಗುತ್ತಿದೆ ಎಂದು ಕಂಡಿತು. ಬೇರೆಯವರಾದರೆ ಬಿಟ್ಟುಬಿಡುತ್ತಿದ್ದರು. ಅವರು ಬೆನ್ನು ಹತ್ತಿದರು. ಫೈಲು ಕುಗ್ಗಿಸುವ ಎಕ್ಸ್‌ಝಡ್ ಎಂಬ ಲೈಬ್ರರಿಯಲ್ಲಿ ಯಾರೋ ಬೇಕೆಂದೇ ಕಳ್ಳ ಬಾಗಿಲು ಇಟ್ಟಿದ್ದು ಹೊರಬಂತು. ಲೋಕದ ಎಷ್ಟೋ ಸರ್ವರ್‌ಗಳಿಗೆ ಅದು ಹೋಗುವುದರಲ್ಲಿತ್ತು. ಅರ್ಧ ಸೆಕೆಂಡು ಯಾಕೆ ಎಂದು ಕೇಳಿದ ಒಬ್ಬರಿಂದ ಉಳಿಯಿತು.

ಖರಾಡಿ ಕೀಲಿಮಣೆ

ಜಿಟಿಎ ಆನ್‌ಲೈನ್ ಎಂಬ ವಿಡಿಯೋ ಗೇಮಿನ ಕಥೆಯನ್ನೂ ಓದು ತಮ್ಮಾ. ಆಟ ತೆರೆಯಲು ಆರು ನಿಮಿಷ ಹಿಡಿಯುತ್ತಿತ್ತು, ವರ್ಷಗಟ್ಟಲೆ. 2021ರಲ್ಲಿ ಒಬ್ಬ ಆಟಗಾರ ಮೂಲ ಕೋಡ್ ಕೈಯಲ್ಲಿ ಇಲ್ಲದೆಯೇ ಒಳಗೆ ಇಣುಕಿ ನೋಡಿದ. 10 ಎಂಬಿಯ ಒಂದು ಪಟ್ಟಿ ಓದುವಾಗ, ಒಂದೊಂದು ತುಂಡಿಗೂ ಉಳಿದ ಪಟ್ಟಿಯ ಉದ್ದವನ್ನು ಕೊನೆಯ ತನಕ ಮತ್ತೆ ಎಣಿಸುತ್ತಿತ್ತು. ಆತ ಮಾಡಿದ ತಿದ್ದುಪಡಿಯಿಂದ ಎರಡು ನಿಮಿಷದ ಒಳಗೆ ಬಂತು. ಕಂಪನಿ ಅದನ್ನು ಒಪ್ಪಿಕೊಂಡು ಆತನಿಗೆ 10 ಸಾವಿರ ಡಾಲರ್ ಕೊಟ್ಟಿತು.

ಡೊಂಬಿವಲಿ ಅಕ್ಕ

ನನ್ನ ಸಲಹೆ ಅಗ್ಗದ್ದು. ಹಳೆಯ ಫೋನು ಒಂದು ಕೊಂಡುಕೋ. ನಾನು ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ 2 ಜಿಬಿಯ ಸೆಕೆಂಡ್ ಹ್ಯಾಂಡ್ ಫೋನು ಹಿಡಿದೆ. ಆಫೀಸಿನಲ್ಲಿ ಎಲ್ಲ ಬಿಲ್ಡನ್ನೂ ಮೊದಲು ಅದರಲ್ಲಿ ಹಾಕುತ್ತೇನೆ. ಡೆವಲಪರ್‌ಗಳಿಗೆ ವರದಿ ಬರೆದು ಕಳಿಸಿದಾಗ ಯಾರೂ ಓದುತ್ತಿರಲಿಲ್ಲ. ಈಗ ಫೋನನ್ನೇ ಅವರ ಕೈಗೆ ಕೊಡುತ್ತೇನೆ, ‘ನೀನೇ ಲಾಗಿನ್ ಮಾಡಪ್ಪಾ’ ಎನ್ನುತ್ತೇನೆ. ಒಂದು ನಿಮಿಷ ಕೈಯಲ್ಲಿ ಹಿಡಿದು ಕಾದರೆ ಸಾಕು, ಮಧ್ಯಾಹ್ನವೇ ಸರಿಮಾಡಲು ಕೂರುತ್ತಾರೆ. ಯಾರಿಗೂ ಮನಸ್ಸಿಲ್ಲ ಎಂದಲ್ಲ, ಅವರು ಕಂಡಿರಲಿಲ್ಲ.

ವಾಕಡ್ ವಾಸಿ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಆ ಸ್ಕ್ರೀನಿನ ಕೆಲಸಕ್ಕೆ ಟಿಕೆಟ್ (ಕೆಲಸದ ನಮೂದು) ಹಾಕಿಸಿಕೊಳ್ಳಲು ನಾಲ್ಕು ದಿನ ಹೋಯಿತು. ಗ್ರಾಹಕರು ಕೇಳಿಲ್ಲವಲ್ಲ, ಯಾವ ಲೆಕ್ಕಕ್ಕೆ ಹಾಕುವುದು ಎಂಬುದೇ ಪ್ರಶ್ನೆ. ಗ್ಯಾರೇಜಿನಲ್ಲಿ ತೆಗೆದ ವಿಡಿಯೋ ಮೀಟಿಂಗಿನಲ್ಲಿ ಹಾಕಿದೆ. ಹನ್ನೊಂದು ಸೆಕೆಂಡು ಎಲ್ಲರೂ ಸುಮ್ಮನೆ ಕೂತು ನೋಡಬೇಕಾಯಿತು. ಆಮೇಲೆ ಯಾರೂ ಬೇಡ ಎನ್ನಲಿಲ್ಲ.

ಕೆಲಸ ಎರಡೇ ದಿನದ್ದು. 640 ಕ್ವೆರಿ ಈಗ ಮೂರು. ಮೊನ್ನೆ ಶನಿವಾರ ಮತ್ತೆ ಚಿಂಚವಡಕ್ಕೆ ಹೋದೆ. ಅವರು ನಂಬರ್ ಹಾಕಿ ಎಂಟರ್ ಒತ್ತಿದರು. ಅಭ್ಯಾಸದಂತೆ ಕೈ ಬಿಲ್ ಪುಸ್ತಕದ ಕಡೆ ಹೋಯಿತು. ಪುಸ್ತಕ ತೆರೆಯುವ ಮುಂಚೆ ಸ್ಕ್ರೀನ್ ಬಂದಿತ್ತು. ಪುಸ್ತಕ ಅಲ್ಲೇ ಬಿಟ್ಟು ಇನ್ನೊಂದು ನಂಬರ್ ಹಾಕಿ ನೋಡಿದರು. ಆಮೇಲೆ ಮತ್ತೊಂದು.

ಮಗರಪಟ್ಟಾ ಮ್ಯಾನೇಜರ್

ಆ ವಿಡಿಯೋ ಹಾಕುವ ಉಪಾಯ ನಾನು ತೆಗೆದುಕೊಳ್ಳುತ್ತೇನೆ. ಮುಂದಿನ ತಿಂಗಳ ಗ್ರಾಹಕರ ಮೀಟಿಂಗಿಗೆ ಬಳಸುವವರು ಒಬ್ಬರನ್ನಾದರೂ ಕರೆಸಿ ಎಂದು ಮೇಲ್ ಹಾಕಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ನಿಮ್ಮ 22 ನಿಮಿಷದ ಬಿಲ್ಡ್ ಏನಾಯಿತು?

ವಾಕಡ್ ವಾಸಿ

ಇನ್ನೂ 22. ಈ ಸಲ ಮೊದಲು ಅಳೆದೆ. ಒಂಬತ್ತು ನಿಮಿಷ ಲೈಬ್ರರಿಗಳನ್ನು ಇಳಿಸಿಕೊಳ್ಳುವುದಕ್ಕೇ ಹೋಗುತ್ತಿದೆ. ಅದರಲ್ಲಿ ಯಾವುದನ್ನು ನಮ್ಮ ಕೋಡ್ ಎಲ್ಲೂ ಬಳಸುತ್ತಿಲ್ಲ ಎಂದು ಪಟ್ಟಿ ಮಾಡುತ್ತಿದ್ದೇನೆ. ನಿನ್ನೆ ರಾತ್ರಿಯವರೆಗೆ 31 ಸಿಕ್ಕಿವೆ. ಸೋಮವಾರ ಒಂದೊಂದಾಗಿ ತೆಗೆಯಲು ಶುರು ಮಾಡುತ್ತೇನೆ.